ಕೌಂಟರಿನ ಈಚೆಯಿಂದ: ಪ್ರೆಗ್ನೆನ್ಸಿ ಕಿಟ್ ಕೊಳ್ಳುವವರಿಗೆ

ಕುಮಟಾ ಪೇಟೆಯ ನಮ್ಮ ಔಷಧ ಅಂಗಡಿಯಲ್ಲಿ ಅತಿ ಕಡಿಮೆ ಮಾತಿನಲ್ಲಿ ಮುಗಿಯುವ ವ್ಯಾಪಾರವೆಂದರೆ ಪ್ರೆಗ್ನೆನ್ಸಿ ಕಿಟ್‌ನದು. ಕೆಮ್ಮಿನ ಔಷಧಿಗೆ ಬಂದವರು ಕೆಮ್ಮು ಯಾವಾಗ ಶುರುವಾಯಿತು, ಕಫ ಯಾವ ಬಣ್ಣದ್ದು, ಅತ್ತೆಯವರು ಯಾವ ಕಷಾಯ ಮಾಡಿಕೊಟ್ಟರು ಎಂಬುದನ್ನೆಲ್ಲ ಹೇಳಿಯೇ ಹೋಗುತ್ತಾರೆ. ಕಿಟ್ ಕೊಳ್ಳಲು ಬಂದವರು ಮಾತ್ರ ಅಂಗಡಿ ಖಾಲಿಯಾಗುವ ತನಕ ಸೋಪು, ಶಾಂಪೂಗಳನ್ನು ನೋಡುತ್ತ ನಿಂತು, ಹೆಸರನ್ನೂ ಪೂರ್ತಿ ಹೇಳದೆ, "ಕಾಗದದಲ್ಲಿ ಸುತ್ತಿ ಕೊಡಿ ಅಕ್ಕಾ" ಎಂದು ಹಣ ಕೊಟ್ಟು ಹೊರಟುಬಿಡುತ್ತಾರೆ. ಅಂಕೋಲೆಯವರು ನಮ್ಮಲ್ಲಿಗೆ ಬರುತ್ತಾರೆ; ಕುಮಟೆಯವರು ಹೊನ್ನಾವರಕ್ಕೆ ಹೋಗುತ್ತಾರೆಂದು ನನ್ನ ಗುಮಾನಿ. ತಮ್ಮೂರಿನ ಅಂಗಡಿಯವರಿಗೆ ಮಾವನವರ ಪರಿಚಯವಿರುತ್ತದಲ್ಲ! ಹೀಗಾಗಿ ಕೌಂಟರಿನಲ್ಲಿ ಕೇಳಬೇಕಾಗಿದ್ದ ಪ್ರಶ್ನೆಗಳು ಕೇಳದೆ ಉಳಿದು, ಮರುದಿನ ಮಸುಕಾದ ಒಂದು ಫೋಟೋದೊಂದಿಗೆ ಮೊಬೈಲಿಗೆ ಬರುತ್ತವೆ. ಫಾರ್ಮಸಿಸ್ಟ್ ಆಗಿ ನಾನು ಮತ್ತೆ ಮತ್ತೆ ಕೊಡುವ ಆ ಉತ್ತರಗಳನ್ನು ಒಮ್ಮೆ ಬಿಡಿಸಿ ಬರೆಯುವುದು ಒಳ್ಳೆಯದೆನಿಸಿತು.

ಕಿಟ್ ಉತ್ತರಿಸುವ ಪ್ರಶ್ನೆ ಒಂದೇ: ಈಗ ಹಾಕಿದ ಈ ಮೂತ್ರದ ಹನಿಗಳಲ್ಲಿ ಎಚ್‌ಸಿಜಿ ಎಂಬ ಹಾರ್ಮೋನು ಪತ್ತೆಯಾಗುವಷ್ಟು ಇದೆಯೇ? ಗರ್ಭ ಎಷ್ಟು ದಿನದ್ದು, ಎಲ್ಲಿ ಬೆಳೆಯುತ್ತಿದೆ, ಚೆನ್ನಾಗಿದೆಯೇ, ನಿಂತೀತೇ ಎಂಬ ಪ್ರಶ್ನೆಗಳಿಗೆ ಅದರಲ್ಲಿ ಉತ್ತರವಿಲ್ಲ. ನನ್ನ ಬಳಿಗೆ ಬರುವ ಗೊಂದಲಗಳಲ್ಲಿ ಹೆಚ್ಚಿನವು ಕಿಟ್‌ಗೆ ಅದರ ಅಳವಿಗೆ ಮೀರಿದ ಪ್ರಶ್ನೆ ಕೇಳಿದ್ದರಿಂದ ಹುಟ್ಟಿದವು.

ಅಂಡಾಶಯದಿಂದ ಅಂಡ ಬಿಡುಗಡೆಯಾಗಿ, ಅದು ವೀರ್ಯಾಣುವಿನೊಂದಿಗೆ ಕೂಡಿ ಭ್ರೂಣವಾಗಿ, ಗರ್ಭಕೋಶದ ಒಳಪದರಕ್ಕೆ ಬಂದು ಅಂಟಿಕೊಳ್ಳಲು ಸಾಮಾನ್ಯವಾಗಿ 6ರಿಂದ 12 ದಿನಗಳು ಬೇಕು. ಹೆಚ್ಚಿನವರಲ್ಲಿ ಇದು 8ರಿಂದ 10ನೆಯ ದಿನದೊಳಗೆ ನಡೆಯುತ್ತದೆ. ಹೀಗೆ ಅಂಟಿಕೊಂಡ ಮೇಲಷ್ಟೇ, ಮುಂದೆ ಮಾಸು ಆಗಲಿರುವ ಜೀವಕೋಶಗಳು ಎಚ್‌ಸಿಜಿಯನ್ನು ತಾಯಿಯ ರಕ್ತಕ್ಕೆ ಬಿಡತೊಡಗುತ್ತವೆ, ಅಲ್ಲಿಂದ ಅದು ಮೂತ್ರಕ್ಕೆ ಬರುತ್ತದೆ. ಆರಂಭದಲ್ಲಿ ಇದರ ಪ್ರಮಾಣ ಎರಡು ಮೂರು ದಿನಗಳಿಗೊಮ್ಮೆ ಇಮ್ಮಡಿಯಾಗುತ್ತ ಹೋಗುತ್ತದೆ. ನಮ್ಮಲ್ಲಿ ಸಿಗುವ ಸಾಮಾನ್ಯ ಕಿಟ್‌ಗಳು ಒಂದು ಮಿಲಿಲೀಟರಿಗೆ ಸುಮಾರು 25 ಮಿಲಿ ಯೂನಿಟ್ ಇದ್ದರೆ ಗುರುತಿಸುತ್ತವೆ. ಲೆಕ್ಕ ಸುಲಭವಾಗಲೆಂದು, ಒಬ್ಬಾಕೆಯ ಮೂತ್ರದಲ್ಲಿ ಅಂಡ ಬಿಡುಗಡೆಯಾದ 10ನೆಯ ದಿನ ಇದು 6 ಮಿಲಿ ಯೂನಿಟ್ ಇತ್ತೆಂದು ಇಟ್ಟುಕೊಳ್ಳೋಣ. ಎರಡು ದಿನಕ್ಕೊಮ್ಮೆ ಇಮ್ಮಡಿಯಾದರೆ 12ನೆಯ ದಿನ 12, 14ನೆಯ ದಿನ 24, 16ನೆಯ ದಿನ 48. ಅಂದರೆ 12ನೆಯ ದಿನ ಅವಸರದಿಂದ ನೋಡಿದಾಗ ಒಂದೇ ಗೆರೆ (ಹಾರ್ಮೋನು ಪತ್ತೆಯಾಗಿಲ್ಲ ಎಂಬ ಗುರುತು) ಕಂಡು ನಿರಾಶೆಯಾದವಳಿಗೆ, ಅದೇ ಬಸಿರು ನಾಲ್ಕು ದಿನಗಳ ನಂತರ ಎರಡು ಗೆರೆಯಾಗಿ (ಪತ್ತೆಯಾಗಿದೆ ಎಂಬ ಗುರುತು) ಕಾಣಿಸುತ್ತದೆ. ಕಿಟ್ ಎರಡು ಸಲವೂ ಸರಿಯಾಗಿಯೇ ಹೇಳಿದೆ. ಮುಟ್ಟಿನ ದಿನ ತಪ್ಪುವ ತನಕ ಕಾಯಿರಿ, ಸಾಧ್ಯವಾದರೆ ತಪ್ಪಿ ಒಂದು ವಾರ ಕಳೆಯಲಿ ಎಂದು ನಾವು ಹೇಳುವುದು ಇದೇ ಕಾರಣಕ್ಕೆ.

ಮುಟ್ಟು ತಿಂಗಳು ತಿಂಗಳಿಗೆ ಸರಿಯಾಗಿ ಬರುವವರಿಗೆ ಈ ಲೆಕ್ಕ ಸಾಕು. ಪಿಸಿಒಡಿ (ಮುಟ್ಟು ಏರುಪೇರಾಗುವ ಅಂಡಾಶಯದ ತೊಂದರೆ) ಇದ್ದು ನಲವತ್ತು, ಐವತ್ತು ದಿನಕ್ಕೊಮ್ಮೆ ಮುಟ್ಟಾಗುವವರಿಗೆ ತಪ್ಪಿದ ದಿನ ಯಾವುದೆಂದೇ ಹೇಳಲಾಗದು. ಅಂಥವರು ಕೊನೆಯ ಸಲ ಕೂಡಿದ ದಿನದಿಂದ 21 ದಿನ ಬಿಟ್ಟು ಪರೀಕ್ಷಿಸಿದರೆ ಆ ಉತ್ತರವನ್ನು ನಂಬಬಹುದು. ಮಗುವಿಗೆ ಹಾಲೂಡಿಸುತ್ತಿರುವುದರಿಂದ ಇನ್ನೂ ಮುಟ್ಟೇ ಬಂದಿಲ್ಲ, ಬಸಿರಾಗುವುದು ಹೇಗೆ ಎಂದು ಕೇಳುವ ಬಾಣಂತಿಯರಿದ್ದಾರೆ. ಹೆರಿಗೆಯ ನಂತರದ ಮೊದಲ ಮುಟ್ಟಿಗೆ ಮುನ್ನವೇ ಅಂಡ ಬಿಡುಗಡೆಯಾಗಿರಬಹುದಾದ್ದರಿಂದ, ಆ ಮುಟ್ಟನ್ನು ಕಾಣದೆಯೇ ಮತ್ತೆ ಗರ್ಭ ನಿಲ್ಲಲು ಸಾಧ್ಯವಿದೆ. ತುರ್ತು ಗರ್ಭನಿರೋಧಕ ಗುಳಿಗೆ ನುಂಗಿದವರಲ್ಲಿ ಮುಂದಿನ ಮುಟ್ಟು ನಾಲ್ಕಾರು ದಿನ ಹಿಂದೆ ಮುಂದೆ ಆಗುವುದು ಸಾಮಾನ್ಯ. ವಾರ ಮೀರಿದರೆ ಕಿಟ್ ತೆಗೆದುಕೊಳ್ಳಬೇಕು.

ಇನ್ನು ಕಿಟ್‌ನ ವಿಚಾರ. ಹೊರಗಿನ ರಟ್ಟಿನ ಪೆಟ್ಟಿಗೆಯೊಳಗೆ ಬೆಳ್ಳಿ ಬಣ್ಣದ ಹಾಳೆಯ ಒಂದು ಪೊಟ್ಟಣ. ಅದನ್ನು ಹರಿದರೆ ಬೆರಳುದ್ದದ ಬಿಳಿ ಪ್ಲಾಸ್ಟಿಕ್ ಪಟ್ಟಿ, ಒಂದು ಪುಟ್ಟ ಡ್ರಾಪರ್, ಮತ್ತು ಹರಳಿನಂತಹ ಕಾಳುಗಳನ್ನು ತುಂಬಿದ ಇನ್ನೊಂದು ಚಿಕ್ಕ ಪೊಟ್ಟಣ. ಈ ಕೊನೆಯದನ್ನು ಮೂತ್ರದಲ್ಲಿ ಕರಗಿಸಬೇಕೇ ಎಂದು ಕೇಳಿದವರಿದ್ದಾರೆ. ಅದು ತೇವ ಹೀರಲು ಇಟ್ಟ ಸಿಲಿಕಾ ಜೆಲ್, ಪರೀಕ್ಷೆಗೆ ಸಂಬಂಧವಿಲ್ಲ. ಮಕ್ಕಳ ಕೈಗೆ ಸಿಗದಂತೆ ಬಿಸಾಡಿಬಿಡಿ. ಆದರೆ ಅದನ್ನು ಒಳಗಿಟ್ಟ ಕಾರಣ ನಮ್ಮ ಕರಾವಳಿಯವರು ತಿಳಿದಿರಬೇಕಾದದ್ದು. ಜೂನ್, ಜುಲೈ ತಿಂಗಳ ಹವೆಯಲ್ಲಿ, ಡಬ್ಬಿಯ ಮುಚ್ಚಳ ತೆರೆದಿಟ್ಟ ಹಲಸಿನ ಹಪ್ಪಳ ಮೆತ್ತಗಾದಂತೆ, ಪೊಟ್ಟಣ ಹರಿದಿಟ್ಟ ಕಿಟ್ ಕೂಡ ತೇವ ಕುಡಿದು ಕೆಡುತ್ತದೆ. ರಾತ್ರಿಯೇ ಬಿಚ್ಚಿಟ್ಟು ಬೆಳಿಗ್ಗೆ ಬಳಸುವುದು ಬೇಡ. ಬಚ್ಚಲುಮನೆಯ ಗೂಡಿನಲ್ಲಿ, ಒಲೆಯ ಹತ್ತಿರ ಇಡುವುದೂ ಬೇಡ. ಕೊಳ್ಳುವಾಗ ಅವಧಿ ಮುಗಿಯುವ ತಿಂಗಳನ್ನು ಓದಿಕೊಳ್ಳಿ, ಅಂಗಡಿಯವರು ಬೇಸರಿಸಿಕೊಳ್ಳುವುದಿಲ್ಲ.

ಬೆಳಗಿನ ಮೊದಲ ಮೂತ್ರ ಉತ್ತಮ, ಏಕೆಂದರೆ ರಾತ್ರಿಯಿಡೀ ನೀರು ಕುಡಿಯದ ಕಾರಣ ಅದರಲ್ಲಿ ಹಾರ್ಮೋನು ಸಾಂದ್ರವಾಗಿರುತ್ತದೆ. ಮೂತ್ರ ಬೇಗ ಬರಲೆಂದು ತಂಬಿಗೆಗಟ್ಟಲೆ ನೀರು ಕುಡಿದು ಪರೀಕ್ಷಿಸಿದರೆ, ಅದು ತೆಳುವಾಗಿ ಇದ್ದದ್ದೂ ಕಾಣದೆ ಹೋಗಬಹುದು. ಮುಟ್ಟು ತಪ್ಪಿ ವಾರಗಳೇ ಕಳೆದವರಿಗೆ ಯಾವ ಹೊತ್ತಿನದಾದರೂ ಅಷ್ಟೇನೂ ವ್ಯತ್ಯಾಸವಾಗದು. ಸೋಪಿನ ಅಂಶವಿಲ್ಲದ, ಒಣಗಿದ ಲೋಟದಲ್ಲಿ ಹಿಡಿದು, ಪಟ್ಟಿಯನ್ನು ಸಮತಟ್ಟಾದ ಜಾಗದಲ್ಲಿಟ್ಟು, ಡ್ರಾಪರನ್ನು ನೆಟ್ಟಗೆ ಹಿಡಿದು ಪಟ್ಟಿಯ ಮೇಲಿನ ದುಂಡನೆಯ ತಗ್ಗಿನಲ್ಲಿ ಹನಿ ಹಾಕಬೇಕು. ಎಷ್ಟು ಹನಿ, ಎಷ್ಟು ನಿಮಿಷ ಎಂಬುದು ಕಂಪನಿಯಿಂದ ಕಂಪನಿಗೆ ತುಸು ಬೇರೆ. ಸಾಮಾನ್ಯವಾಗಿ ಮೂರು ಹನಿ, ಐದು ನಿಮಿಷ. ಆದರೂ ಒಳಗಿನ ಚೀಟಿಯ ಮಾತೇ ಕೊನೆಯದು. ಆ ಚೀಟಿಯ ಅಕ್ಷರ ಇರುವೆಯ ಸಾಲಿನಷ್ಟು ಸಣ್ಣದು ಎಂಬ ದೂರನ್ನು ನಾನೂ ಒಪ್ಪುತ್ತೇನೆ. ಫೋನಿನಲ್ಲಿ ಫೋಟೋ ತೆಗೆದು ಹಿಗ್ಗಿಸಿ ಓದಿ. ಹನಿ ಹಾಕಿದ ಕೂಡಲೇ ಗಡಿಯಾರ ನೋಡಿಕೊಳ್ಳುವುದನ್ನು ಮಾತ್ರ ಮರೆಯಬಾರದು.

ಹನಿ ಬಿದ್ದ ಮೇಲೆ ಒಳಗೆ ನಡೆಯುವುದು ಸ್ವಾರಸ್ಯಕರವಾಗಿದೆ. ಮೂತ್ರ ಪಟ್ಟಿಯುದ್ದಕ್ಕೂ ಹರಿಯುವಾಗ, ಅಲ್ಲಿ ಮೊದಲೇ ಒಣಗಿಸಿಟ್ಟ ಪ್ರತಿಕಾಯಗಳನ್ನು (ಎಚ್‌ಸಿಜಿಯನ್ನು ಗುರುತಿಸಿ ಅಂಟಿಕೊಳ್ಳುವ ಪ್ರೋಟೀನುಗಳನ್ನು) ಎಬ್ಬಿಸಿಕೊಂಡು ಹೋಗುತ್ತದೆ. ಆ ಪ್ರತಿಕಾಯಗಳಿಗೆ ಅಂಟಿಸಿರುವುದು ಸಾಮಾನ್ಯವಾಗಿ ಚಿನ್ನದ ಅತಿಸೂಕ್ಷ್ಮ ಕಣಗಳನ್ನು. ಅಷ್ಟು ಸಣ್ಣದಾದಾಗ ಚಿನ್ನ ಹಳದಿಯಾಗಿ ಕಾಣದೆ ಕೆಂಪಾಗಿ ಕಾಣುತ್ತದೆ. ಇಷ್ಟು ಅಗ್ಗದ ವಸ್ತುವಿನಲ್ಲಿ ಚಿನ್ನವಿದೆ ಎಂದರೆ ನಮ್ಮೂರಲ್ಲಿ ಯಾರೂ ನಂಬರು. ಹಾರ್ಮೋನು ಇದ್ದರೆ ಈ ಕಣಗಳು ಅದನ್ನು ಹಿಡಿದುಕೊಂಡು ಹೋಗಿ 'ಟಿ' ಎಂದು ಬರೆದಲ್ಲಿ ಸಿಕ್ಕಿಬಿದ್ದು ಗುಲಾಬಿ ಗೆರೆಯಾಗುತ್ತವೆ. 'ಸಿ' ಎಂಬಲ್ಲಿನ ಗೆರೆ ಹಾರ್ಮೋನು ಇರಲಿ ಬಿಡಲಿ ಮೂಡಲೇಬೇಕು; ಅದು ಮೂತ್ರ ಸರಿಯಾಗಿ ಹರಿದಿದೆ, ಪಟ್ಟಿ ಕೆಲಸ ಮಾಡಿದೆ ಎಂಬುದರ ಗುರುತು. 'ಸಿ' ಮೂಡದಿದ್ದರೆ, 'ಟಿ' ಮೂಡಿದ್ದರೂ ಆ ಪರೀಕ್ಷೆ ಲೆಕ್ಕಕ್ಕಿಲ್ಲ, ಹೊಸ ಕಿಟ್ ಬೇಕು.

ಇದೇ ಪರೀಕ್ಷೆಗೆ ಒಂದು ಕಾಲದಲ್ಲಿ ಪ್ರಾಣಿಗಳನ್ನು ಕೊಲ್ಲಬೇಕಿತ್ತು. 1927ರಲ್ಲಿ ಬರ್ಲಿನ್‌ನಲ್ಲಿ ಅಷೈಮ್ ಮತ್ತು ಜೋಂಡೆಕ್ ಎಂಬ ವೈದ್ಯರು ಹೆಂಗಸರ ಮೂತ್ರವನ್ನು ಎಳೆಯ ಹೆಣ್ಣು ಇಲಿಗಳಿಗೆ ಚುಚ್ಚಿ, ಕೆಲವು ದಿನಗಳ ನಂತರ ಅವುಗಳ ಅಂಡಾಶಯವನ್ನು ಕೊಯ್ದು ನೋಡಿ ಬಸಿರನ್ನು ಹೇಳುತ್ತಿದ್ದರು. ಮುಂದೆ ಇಲಿಯ ಜಾಗಕ್ಕೆ ಆಫ್ರಿಕಾದ ಒಂದು ಜಾತಿಯ ಕಪ್ಪೆ ಬಂತು. ಮನೆಯಲ್ಲೇ ಪರೀಕ್ಷಿಸಿಕೊಳ್ಳುವ ಪೆಟ್ಟಿಗೆಯ ಮೊದಲ ಮಾದರಿಯನ್ನು 1967ರಲ್ಲಿ ಮಾಡಿದವಳು ಅಮೆರಿಕದ ಮಾರ್ಗರೆಟ್ ಕ್ರೇನ್; ಅವಳು ವಿಜ್ಞಾನಿಯಲ್ಲ, ಔಷಧ ಕಂಪನಿಯೊಂದರಲ್ಲಿ ವಿನ್ಯಾಸದ ಕೆಲಸಕ್ಕಿದ್ದವಳು. ಹೆಂಗಸು ತಾನೇ ನೋಡಿಕೊಳ್ಳುವುದು ಸರಿಯೇ ಎಂಬ ಆಕ್ಷೇಪಗಳನ್ನೆಲ್ಲ ದಾಟಿ ಅದು ಅಮೆರಿಕದ ಅಂಗಡಿಗಳಿಗೆ ಬರುವಷ್ಟರಲ್ಲಿ ಹತ್ತು ವರ್ಷ ಕಳೆದಿತ್ತು. ಇಷ್ಟೆಲ್ಲ ಆದಮೇಲೂ ಉಪ್ಪು, ಸಕ್ಕರೆ, ಟೂತ್‌ಪೇಸ್ಟ್ ಬೆರೆಸಿ ನೊರೆ ನೋಡುವ ವಿಡಿಯೋಗಳನ್ನು ಜನ ನಂಬುತ್ತಾರೆಂದರೆ ಬೇಸರವಾಗುತ್ತದೆ. ಅವುಗಳಿಂದ ಏನೂ ತಿಳಿಯುವುದಿಲ್ಲ.

ನನಗೆ ಬರುವ ಫೋಟೋಗಳಲ್ಲಿ ಬಹುಪಾಲು ಮಸುಕು ಗೆರೆಯವು. "ಒಂದು ಗೆರೆ ಚೆನ್ನಾಗಿದೆ, ಇನ್ನೊಂದು ಇದೆಯೋ ಇಲ್ವೋ ಗೊತ್ತಾಗ್ತಿಲ್ಲ ಅಕ್ಕಾ" ಎಂಬ ಮಾತಿಗೆ ನಾನು ಮೊದಲು ಕೇಳುವುದು, ಹನಿ ಹಾಕಿ ಎಷ್ಟು ಹೊತ್ತಿಗೆ ನೋಡಿದಿರಿ ಎಂದು. ಹೇಳಿದ ಸಮಯದೊಳಗೆ ಮೂಡಿದ್ದು, ಗುಲಾಬಿ ಬಣ್ಣವಿದ್ದು, ಪಕ್ಕದ ಗೆರೆಯಷ್ಟೇ ಅಗಲವಿದ್ದರೆ, ಎಷ್ಟೇ ತಿಳಿಯಾಗಿದ್ದರೂ ಅದು ಇದೆ ಎಂದೇ ಅರ್ಥ. ಬೇಗ ನೋಡಿದ್ದರಿಂದ ಹಾರ್ಮೋನು ಕಡಿಮೆಯಿದೆ ಅಷ್ಟೆ. ಪರೀಕ್ಷೆ ಮಾಡಿ ಕಿಟಕಿಯ ಮೇಲಿಟ್ಟು, ದೋಸೆ ಹೊಯ್ದು ಮುಗಿಸಿ, ಮಕ್ಕಳನ್ನು ಶಾಲೆಗೆ ಕಳಿಸಿ ಬಂದು ನೋಡಿದಾಗ ಕಂಡ ಬೂದು ಬಣ್ಣದ ತೆಳು ಗೀಟು ಬೇರೆಯೇ ಸಂಗತಿ. ಮೂತ್ರ ಆರಿದಾಗ ಪಟ್ಟಿಯ ಮೇಲೆ ಉಳಿಯುವ ಗುರುತು ಅದು. ಹತ್ತು ನಿಮಿಷ ಮೀರಿದ ಪಟ್ಟಿಯನ್ನು ಓದಬಾರದು, ಕಸದ ಬುಟ್ಟಿಯಿಂದ ಎತ್ತಿ ಮತ್ತೆ ನೋಡಲೂಬಾರದು. ಸಂಶಯವಿದ್ದರೆ ಎರಡು ಮೂರು ದಿನ ಬಿಟ್ಟು ಹೊಸ ಕಿಟ್‌ನಲ್ಲಿ ನೋಡಿ. ಗರ್ಭ ನಿಂತಿದ್ದರೆ ಅಷ್ಟರಲ್ಲಿ ಗೆರೆ ಗಟ್ಟಿಯಾಗುತ್ತದೆ. ದಿನಕ್ಕೆರಡು ಕಿಟ್ ಕೊಂಡು ಗೆರೆಗಳನ್ನು ಹೋಲಿಸುವುದರಿಂದ ಲಾಭ ನಮ್ಮ ಅಂಗಡಿಗೆ ಮಾತ್ರ.

ಒಂದೇ ಗೆರೆ ಬಂದು ಮುಟ್ಟೂ ಬಾರದಿದ್ದರೆ ವಾರ ಬಿಟ್ಟು ಮತ್ತೊಮ್ಮೆ ನೋಡಬೇಕು, ಆಗಲೂ ಹಾಗೆಯೇ ಇದ್ದರೆ ವೈದ್ಯರಲ್ಲಿಗೆ ಹೋಗಬೇಕು. ಜ್ವರ, ಚಿಂತೆ, ನಿದ್ದೆಗೇಡು, ಥೈರಾಯ್ಡ್ ತೊಂದರೆ ಇವೆಲ್ಲ ಮುಟ್ಟನ್ನು ಮುಂದೆ ದೂಡಬಲ್ಲವು. ರಕ್ತದಲ್ಲಿ ಇದೇ ಹಾರ್ಮೋನನ್ನು ಅಳೆಯುವ 'ಬೀಟಾ ಎಚ್‌ಸಿಜಿ' ಪರೀಕ್ಷೆ ಮಾಡಿಸಿದರೆ ಸಂಖ್ಯೆಯೇ ಸಿಗುವುದರಿಂದ ಅನುಮಾನಕ್ಕೆ ಎಡೆಯಿರದು. ಇದಕ್ಕೆ ವಿರುದ್ಧವಾಗಿ, ಬಸಿರಿಲ್ಲದೆ ಎರಡು ಗೆರೆ ಬರುವುದು ಅಪರೂಪ. ಮಕ್ಕಳಾಗುವ ಚಿಕಿತ್ಸೆಯಲ್ಲಿ ಎಚ್‌ಸಿಜಿಯ ಇಂಜೆಕ್ಷನ್ ಪಡೆದವರಲ್ಲಿ ಅದೇ ಹಾರ್ಮೋನು ಹತ್ತು ಹದಿನಾಲ್ಕು ದಿನ ಉಳಿದು ಗೆರೆ ತೋರಿಸುತ್ತದೆ. ಗರ್ಭ ಇಳಿದುಹೋದ ಅಥವಾ ತೆಗೆಸಿದ ನಂತರವೂ ಕೆಲವು ವಾರ ಹಾಗೆಯೇ. ನೋವಿನ ಗುಳಿಗೆ, ಆಂಟಿಬಯಾಟಿಕ್, ಗರ್ಭನಿರೋಧಕ ಗುಳಿಗೆ ಇವುಗಳಿಂದ ಫಲಿತಾಂಶ ಬದಲಾಗುವುದಿಲ್ಲ.

ಎರಡು ಗೆರೆ ಬಂದ ಕೂಡಲೇ ಸಿಹಿ ಹಂಚುವ ಮನೆಗಳಿಗೆ ನಾನು ಹೇಳಲೇಬೇಕಾದ, ಆದರೆ ಕೌಂಟರಿನಲ್ಲಿ ಹೇಳಲು ಬಾಯಿ ಬಾರದ ಮಾತೊಂದಿದೆ. ನೂರರಲ್ಲಿ ಒಂದೆರಡು ಬಸಿರು ಗರ್ಭಕೋಶದ ಹೊರಗೆ, ಹೆಚ್ಚಾಗಿ ಗರ್ಭನಾಳದಲ್ಲಿ ನಿಲ್ಲುತ್ತವೆ. ಅಲ್ಲಿಯೂ ಎಚ್‌ಸಿಜಿ ಬರುವುದರಿಂದ ಕಿಟ್ ಎರಡು ಗೆರೆಯನ್ನೇ ತೋರಿಸುತ್ತದೆ. ಕಿಬ್ಬೊಟ್ಟೆಯ ಒಂದು ಬದಿಯಲ್ಲಿ ಬಿಡದ ನೋವು, ಸ್ವಲ್ಪ ಸ್ವಲ್ಪ ರಕ್ತ ಕಾಣುವುದು, ತಲೆ ಸುತ್ತಿ ಬೀಳುವಂತಾಗುವುದು, ಭುಜದ ತುದಿಯಲ್ಲಿ ವಿಚಿತ್ರವಾದ ನೋವು ಇವುಗಳಲ್ಲಿ ಯಾವುದು ಕಂಡರೂ ನಾಳೆ ನೋಡೋಣ ಎನ್ನುವಂತಿಲ್ಲ. ನಾಳ ಒಡೆದರೆ ಹೊಟ್ಟೆಯೊಳಗೆ ರಕ್ತ ತುಂಬಿ ಗಂಟೆಗಳೊಳಗೆ ಜೀವಕ್ಕೆ ಅಪಾಯವಾಗುತ್ತದೆ. ದೊಡ್ಡ ಚಿಕಿತ್ಸೆ ಬೇಕಾದರೆ ಕಾರವಾರದವರು ಗೋವೆಗೆ, ಶಿರಸಿಯವರು ಹುಬ್ಬಳ್ಳಿಗೆ, ಭಟ್ಕಳದವರು ಮಣಿಪಾಲಕ್ಕೆ ಓಡುವ ಜಿಲ್ಲೆ ನಮ್ಮದು. ದೇವಿಮನೆ ಘಟ್ಟದ ಮೇಲಿನ ಯಾವುದೋ ಕೇರಿಯಲ್ಲಿ ಮಳೆಗಾಲದ ರಾತ್ರಿ ಈ ನೋವು ಶುರುವಾದರೆ ಏನು ಗತಿ ಎಂಬುದನ್ನು ಬಿಡಿಸಿ ಹೇಳಬೇಕಿಲ್ಲ. ಆದ್ದರಿಂದ ಕಿಟ್‌ನಲ್ಲಿ ಎರಡು ಗೆರೆ ಕಂಡವರು, ಏನೂ ತೊಂದರೆಯಿಲ್ಲದಿದ್ದರೂ, ಬೇಗನೆ ವೈದ್ಯರನ್ನು ಕಂಡು, ಅವರು ಹೇಳಿದ ವಾರಕ್ಕೆ ಸ್ಕ್ಯಾನ್ ಮಾಡಿಸಿ ಗರ್ಭ ಸರಿಯಾದ ಜಾಗದಲ್ಲಿದೆಯೇ ಎಂದು ತಿಳಿದುಕೊಳ್ಳಬೇಕು.

ಆ ಸ್ಕ್ಯಾನಿನ ವರದಿಯಲ್ಲಿ ಬರೆದ ವಾರಗಳ ಲೆಕ್ಕ ಕೆಲವು ಮನೆಗಳಲ್ಲಿ ಜಗಳಕ್ಕೆ ಕಾರಣವಾಗುತ್ತದೆ. ನಮ್ಮ ಕರಾವಳಿಯ ಗಂಡಸರು ಬೋಟಿನಲ್ಲಿ, ಗೋವೆಯಲ್ಲಿ, ಕೊಲ್ಲಿ ದೇಶಗಳಲ್ಲಿ ದುಡಿಯುವವರು. ಯಾವಾಗ ಮನೆಗೆ ಬಂದರು ಎಂಬ ತಾರೀಕು ಕೇರಿಗೆಲ್ಲ ಗೊತ್ತಿರುತ್ತದೆ. ವೈದ್ಯರು ಬಸಿರನ್ನು ಎಣಿಸುವುದು ಕೂಡಿದ ದಿನದಿಂದಲ್ಲ, ಕೊನೆಯ ಮುಟ್ಟಿನ ಮೊದಲ ದಿನದಿಂದ. ಉದಾಹರಣೆಗೆ, ಒಬ್ಬಾಕೆಗೆ ಮೇ 25ರಂದು ಮುಟ್ಟಾಯಿತು ಎನ್ನೋಣ. ಜೂನ್ 1ಕ್ಕೆ ಯಾಂತ್ರೀಕೃತ ಬೋಟುಗಳ ಮೀನುಗಾರಿಕೆಗೆ ನಿಷೇಧ ಶುರುವಾಗುತ್ತದೆ, ಗಂಡ ಮನೆಗೆ ಬರುತ್ತಾನೆ. ಅಂಡ ಬಿಡುಗಡೆಯಾಗುವುದು ಜೂನ್ 8ರ ಸುಮಾರಿಗೆ. ಜೂನ್ 22ಕ್ಕೆ ಬರಬೇಕಾದ ಮುಟ್ಟು ಬರುವುದಿಲ್ಲ. ಜುಲೈ 1ರಂದು ಪರೀಕ್ಷಿಸಿದಾಗ ಎರಡು ಗೆರೆ. ಅಂದು ವೈದ್ಯರ ಚೀಟಿಯಲ್ಲಿ ಬರೆಯುವುದು 5 ವಾರ 2 ದಿನ; ಗಂಡ ಮನೆಗೆ ಬಂದು ಆದದ್ದು ಕೇವಲ 30 ದಿನ, ನಿಜವಾಗಿ ಗರ್ಭ ಕಟ್ಟಿ ಆದದ್ದು ಸುಮಾರು 23 ದಿನ. ಬೆರಳು ಮಡಚಿ ಎಣಿಸುವ ಅತ್ತೆಯ ಮನಸ್ಸಿನಲ್ಲಿ ಸಂಶಯ ಮೂಡಲು ಇಷ್ಟು ಸಾಕು. ಈ ಹೆಚ್ಚಿನ ಎರಡು ವಾರ ಎಲ್ಲರ ಬಸಿರಿನ ಲೆಕ್ಕದಲ್ಲಿಯೂ ಸೇರಿರುತ್ತದೆ, ಸ್ವತಃ ಆ ಅತ್ತೆಯ ಬಸಿರಿನಲ್ಲಿಯೂ ಸೇರಿತ್ತು. ಕೊನೆಯ ಮುಟ್ಟಿನ ತಾರೀಕನ್ನು ಗೋಡೆಯ ಕ್ಯಾಲೆಂಡರಿನಲ್ಲಿ ಗುರುತು ಹಾಕಿಟ್ಟುಕೊಂಡರೆ ಪರೀಕ್ಷೆಯ ದಿನ ಗೊತ್ತುಮಾಡಲೂ, ವೈದ್ಯರಿಗೆ ಹೇಳಲೂ, ಇಂಥ ಮಾತು ಬಂದಾಗ ತೋರಿಸಲೂ ಅನುಕೂಲ. ಮೇಲಿನ ಉದಾಹರಣೆಯಲ್ಲಿ 280 ದಿನ ಕೂಡಿಸಿದರೆ ಹೆರಿಗೆಯ ಅಂದಾಜು ದಿನ ಮಾರ್ಚ್ 1.

ಅಂಗಡಿಯ ಮೆಟ್ಟಿಲು ಹತ್ತಲು ಸಂಕೋಚಪಡುವವರಿಗೆ ಆಶಾ ಕಾರ್ಯಕರ್ತೆಯರ ಮೂಲಕ 'ನಿಶ್ಚಯ್' ಎಂಬ ಸರಕಾರಿ ಕಿಟ್ ಉಚಿತವಾಗಿ ಸಿಗುತ್ತದೆ. ಆದರೆ ಆಶಾ ಪಕ್ಕದ ಮನೆಯವಳೇ ಆಗಿದ್ದರೆ ಮತ್ತೆ ಕುಮಟೆಯ ಬಸ್ಸೇ ಗತಿ ಎನ್ನುವವರೂ ಇದ್ದಾರೆ. ಬಸಿರು ಖಚಿತವಾಗಿ, ಅದನ್ನು ಮುಂದುವರಿಸುವ ಮನಸ್ಸಿದ್ದರೆ ಅದೇ ಆಶಾ ಅಥವಾ ಆರೋಗ್ಯ ಕೇಂದ್ರದ ದಾದಿಯ ಬಳಿ 12 ವಾರಗಳೊಳಗೆ ಹೆಸರು ನೋಂದಾಯಿಸಿ ತಾಯಿ ಕಾರ್ಡ್ ಮಾಡಿಸಿಕೊಳ್ಳಬೇಕು, ದಿನಕ್ಕೆ 400 ಮೈಕ್ರೋಗ್ರಾಂ ಫೋಲಿಕ್ ಆಮ್ಲದ ಗುಳಿಗೆಯನ್ನು ಆದಷ್ಟು ಬೇಗ ಶುರುಮಾಡಬೇಕು. ಶಿಶುವಿನ ಮೆದುಳು ಮತ್ತು ಬೆನ್ನುಹುರಿಯಾಗುವ ನಾಳ ಮೊದಲ ಕೆಲವೇ ವಾರಗಳಲ್ಲಿ ಮುಚ್ಚಿಕೊಳ್ಳುವುದರಿಂದ ಇಲ್ಲಿ ತಡಮಾಡಿದ್ದನ್ನು ಮುಂದೆ ತುಂಬಿಕೊಡಲಾಗದು.

ಮುಂದುವರಿಸುವ ಮನಸ್ಸಿಲ್ಲದವರೂ ಬರುತ್ತಾರೆ. ಅವರ ಪರವಾಗಿ ಗಂಡಸರು ಬಂದು "ಗುಳಿಗೆ ಕೊಟ್ಟುಬಿಡಿ, ಎಷ್ಟಾದರೂ ಆಗಲಿ" ಎನ್ನುತ್ತಾರೆ. ಚೀಟಿಯಿಲ್ಲದೆ ನಾನು ಕೊಡುವುದಿಲ್ಲ, ಕೊಡುವಂತೆಯೂ ಇಲ್ಲ. ಗರ್ಭ ಎಷ್ಟು ವಾರದ್ದು, ನಾಳದಲ್ಲಿ ನಿಂತಿದೆಯೇ ಎಂಬುದನ್ನು ತಿಳಿಯದೆ ನುಂಗುವ ಗುಳಿಗೆಯಿಂದ ರಕ್ತಸ್ರಾವ ಹೆಚ್ಚಾಗಿ ಆಸ್ಪತ್ರೆ ಸೇರಬೇಕಾಗಬಹುದು. ನಾಳದಲ್ಲಿದ್ದ ಗರ್ಭಕ್ಕಂತೂ ಆ ಗುಳಿಗೆಯಿಂದ ಪರಿಹಾರವಿಲ್ಲ, ನೋವನ್ನು ಗುಳಿಗೆಯದೆಂದು ತಿಳಿದು ಕುಳಿತರೆ ಅಪಾಯ ಹೆಚ್ಚು. 1971ರ ಗರ್ಭಪಾತ ಕಾಯಿದೆ ಮತ್ತು ಅದರ 2021ರ ತಿದ್ದುಪಡಿಯ ಪ್ರಕಾರ, ಕಾಯಿದೆ ಹೇಳುವ ಕಾರಣಗಳಿದ್ದಾಗ 20 ವಾರಗಳ ತನಕ ಒಬ್ಬ ನೋಂದಾಯಿತ ವೈದ್ಯರ ಅಭಿಪ್ರಾಯ ಸಾಕು. 18 ತುಂಬಿದ ಹೆಣ್ಣಿಗೆ ತನ್ನ ಒಪ್ಪಿಗೆಯೊಂದೇ ಬೇಕು, ಗಂಡನ ಸಹಿ ಬೇಕಿಲ್ಲ, ಅವಳ ಹೆಸರನ್ನು ಹೊರಗೆಡಹುವುದು ಶಿಕ್ಷಾರ್ಹ. ಹೀಗೆ ವೈದ್ಯರ ಕೈಯಲ್ಲಿ ಮುಗಿಸಿಕೊಂಡವರು ಹದಿನೈದು ದಿನಕ್ಕೆ ಮತ್ತೆ ಕಿಟ್ ಕೊಂಡು, ಎರಡು ಗೆರೆ ಕಂಡು ಗಾಬರಿಯಿಂದ ಫೋನ್ ಮಾಡುವುದುಂಟು. ಅದು ಹೆಚ್ಚಾಗಿ ಮೂತ್ರದಲ್ಲಿ ಇಳಿಯುತ್ತಿರುವ ಹಳೆಯ ಹಾರ್ಮೋನು. ಗರ್ಭ ಪೂರ್ತಿ ಹೋಗಿದೆಯೇ ಎಂಬುದನ್ನು ವೈದ್ಯರು ಹೇಳಿದ ದಿನಕ್ಕೆ ಹೋಗಿ, ಅವರಿಂದಲೇ ಖಚಿತಪಡಿಸಿಕೊಳ್ಳಬೇಕು.